ಹಳೇ ನಾಟಕದ ಕ್ಯಾಸೆಟ್: ಗದ್ದಲ ತೆಗೀಬೇಕಾ, ಹಂಗೇ ಉಳಿಸಬೇಕಾ?

ನಿಟ್ಟೂರಿನವನು:

ಎಲ್ಲರಿಗೂ ನಮಸ್ಕಾರ. ನಮ್ಮೂರು ಗುಬ್ಬಿ ತಾಲ್ಲೂಕು, ನಿಟ್ಟೂರಿನ ಪಕ್ಕ. ಈಗಿರೋದು ತುಮಕೂರಿನ ಕ್ಯಾತ್ಸಂದ್ರದಲ್ಲಿ. ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಮೆಂಟೆನೆನ್ಸ್ ಕೆಲಸ. ಶಿಫ್ಟ್ ಮುಗಿಸಿ ಬಂದ ಮೇಲೆ ಹಳೇ ಕಂಪ್ಯೂಟರ್ ಬಿಚ್ಚೋದು, ಜೋಡಿಸೋದು ಅಂದ್ರೆ ನನಗೆ ಪ್ರಾಣ.

1998ರಲ್ಲಿ ನಮ್ಮೂರ ಜಾತ್ರೆಗೆ ಪೌರಾಣಿಕ ನಾಟಕ ಆಡಿದ್ದರು. ಅಪ್ಪಂದು ದುರ್ಯೋಧನನ ಪಾರ್ಟು. ಸೋದರಮಾವ ಟೇಪ್ ರೆಕಾರ್ಡರ್ ತಗೊಂಡು ಸ್ಟೇಜಿನ ಮುಂದೆ, ಹಾರ್ಮೋನಿಯಂ ಮೇಷ್ಟ್ರ ಪಕ್ಕದಲ್ಲೇ ಕೂತು ಬೆಳಗಿನ ಜಾವದವರೆಗೂ ರೆಕಾರ್ಡ್ ಮಾಡಿದ್ದರು. 90 ನಿಮಿಷದ ಐದು ಕ್ಯಾಸೆಟ್. 45 ನಿಮಿಷಕ್ಕೊಂದು ಸಲ ತಿರುವಿ ಹಾಕಬೇಕಲ್ಲ, ಒಂದು ಕಡೆ ಮಾವನಿಗೆ ಜೊಂಪು ಹತ್ತಿದೆ. ಶಕುನಿ ಪಗಡೆ ಉರುಳಿಸೋ ಹೊತ್ತಿಗೆ ಟೇಪ್ ಮುಗಿದೋಗಿದೆ. ಅಷ್ಟು ಬಿಟ್ರೆ ಮಿಕ್ಕಿದ್ದೆಲ್ಲಾ ಐತೆ. ಇಷ್ಟು ವರ್ಷ ಅಟ್ಟದ ಮೇಲೆ ತಗಡಿನ ಡಬ್ಬದಲ್ಲಿದ್ದವು, ಹೋದ ತಿಂಗಳು ಇಳಿಸಿದೆ.

ಕಂಪ್ಯೂಟರ್ ಬಗ್ಗೆ ಒಂದು ಮಾತು ಹೇಳಲೇಬೇಕು. ನನ್ನ ಡೆಸ್ಕ್‌ಟಾಪ್ 2012ರದ್ದು, ಮೂರನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ವಿಂಡೋಸ್ 11 ಕೇಳೋ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಇದರಲ್ಲಿಲ್ಲ, ಪ್ರೊಸೆಸರ್ ಕೂಡ ಅವರ ಪಟ್ಟಿಯಲ್ಲಿಲ್ಲ. ಗುಜರಿಗೆ ಹಾಕಿ ಹೊಸದು ತಗೊಳ್ಳಿ ಅಂತ ಎಲ್ಲರೂ ಹೇಳಿದರು. ನಾನು ಒಂದು ಎಸ್ಎಸ್‌ಡಿ ಹಾಕಿ, ಲಿನಕ್ಸ್ ಮಿಂಟ್‌ನ ಎಕ್ಸ್ಎಫ್‌ಸಿಇ ಆವೃತ್ತಿ ಇನ್‌ಸ್ಟಾಲ್ ಮಾಡಿದೆ. ಚೆನ್ನಾಗಿ ಓಡ್ತಿದೆ. ಇದರ ಹಿಂದುಗಡೆ ನೀಲಿ ಬಣ್ಣದ ಲೈನ್-ಇನ್ ತೂತು ಐತೆ. ಮನೇಲಿರೋ ಹೊಸ ಲ್ಯಾಪ್‌ಟಾಪಲ್ಲಿ ಹೆಡ್‌ಫೋನಿಗೂ ಮೈಕಿಗೂ ಸೇರಿ ಒಂದೇ ತೂತು. ಗುಜರಿಗೆ ಹಾಕಿ ಅಂದ ಮೆಷಿನ್ನಿಗೇ ಅಪ್ಪನ ದನಿ ಒಳಗೆ ತಗೊಳ್ಳೋ ದಾರಿ ಇರೋದು. ಕೆಲಸ ಮಾಡೋ ಯಂತ್ರನ ತಾರೀಖು ನೋಡಿ ಬಿಸಾಕೋದು ತಪ್ಪು ಅಂತ ನಾನು ನಂಬಿದೀನಿ.

ಈಗ ಸಮಸ್ಯೆಗೆ ಬರ್ತೀನಿ. ಆಡಾಸಿಟಿ ಅನ್ನೋ ಧ್ವನಿ ರೆಕಾರ್ಡ್ ಮಾಡೋ, ತಿದ್ದೋ ತಂತ್ರಾಂಶದಲ್ಲಿ ಮೊದಲನೇ ಕ್ಯಾಸೆಟ್ ರೆಕಾರ್ಡ್ ಮಾಡ್ಕೊಂಡೆ. ಸುಸ್ಸ್ ಅನ್ನೋ ಟೇಪಿನ ಶಬ್ದ, ಜನರೇಟರ್ ಗುಂಯ್ ಅನ್ನೋದು, ಜನದ ಗಲಾಟೆ. ಗೆಳೆಯರೊಬ್ಬರು ಹೇಳಿದರು ಅಂತ ಕೃತಕ ಬುದ್ಧಿಮತ್ತೆ ಬಳಸಿ ಶಬ್ದ ಶುದ್ಧ ಮಾಡೋ ಒಂದು ಆನ್‌ಲೈನ್ ಸೌಲಭ್ಯಕ್ಕೆ ಹಾಕಿದೆ. ಎರಡು ನಿಮಿಷದಲ್ಲಿ ವಾಪಸ್ ಬಂತು. ಅಪ್ಪನ ಮಾತು ಪಕ್ಕದಲ್ಲಿ ಕೂತು ಆಡಿದಷ್ಟು ಸ್ವಚ್ಛ. ಖುಷಿಯಿಂದ ಅಪ್ಪನ ಕಿವಿಗೆ ಹೆಡ್‌ಫೋನ್ ಇಟ್ಟೆ. ಕಣ್ಣು ಮುಚ್ಚಿ ಕೇಳಿದರು. ಕಂದಪದ್ಯ ಶುರುವಾಗೋ ಜಾಗದಲ್ಲಿ ಕಣ್ಣು ಬಿಟ್ಟು, "ಪೆಟ್ಟಿಗೆ ಎಲ್ಲೋಯ್ತು?" ಅಂದರು.

ಮತ್ತೆ ಹಾಕಿ ಕೇಳಿದೆ. ಹಾರ್ಮೋನಿಯಂ ಪೂರ್ತಿ ಅಳಿಸಿಹೋಗಿದೆ. ಅಪ್ಪ ರಾಗ ಎಳೆಯೋ ಕಡೆ ದನಿ ನೀರೊಳಗಿಂದ ಬಂದಂಗೆ ಬುಳುಬುಳು. ಜನದ ಶಿಳ್ಳೆ ಇಲ್ಲ, "ಒನ್ಸ್ ಮೋರ್" ಇಲ್ಲ. ಮಧ್ಯೆ ಮಧ್ಯೆ ಮೈಕಲ್ಲಿ ಇಂಥೋರ ಮಗ ಇಂಥೋರಿಂದ ಭೀಮನ ಪಾತ್ರಧಾರಿಗೆ 51 ರೂಪಾಯಿ ಬಹುಮಾನ ಅಂತ ಕೂಗ್ತಾರಲ್ಲ, ಅದೂ ಅರ್ಧಂಬರ್ಧ. ಆ ಹೆಸರಿನೋರಲ್ಲಿ ಎಷ್ಟೋ ಜನ ಈಗಿಲ್ಲ.

ಗದ್ದಲ ಎಷ್ಟು ತೆಗೀಬೇಕು, ಹೆಂಗೆ ತೆಗೀಬೇಕು? ತೆಗೆದ ಮೇಲೆ ಎಲ್ಲಿಡಬೇಕು? 2009ರಲ್ಲಿ ಇದೇ ನಾಟಕದ ಇನ್ನೊಂದು ಕ್ಯಾಸೆಟ್ಟನ್ನ ಒಂದು ತಾಣಕ್ಕೆ ಏರಿಸಿ, ಸದ್ಯ ಉಳೀತು ಅಂದ್ಕೊಂಡು ಕ್ಯಾಸೆಟ್ಟನ್ನ ಯಾರಿಗೋ ಕೊಟ್ಟುಬಿಟ್ಟಿದ್ದೆ. ಆ ತಾಣನೇ ಮುಚ್ಚಿಹೋಯ್ತು. ಆ ತಪ್ಪು ಇನ್ನೊಂದು ಸಲ ಆಗಬಾರದು.

ಶಿರಾ ಮೈಕ್‌ಸೆಟ್:

ಅಣ್ಣ, ಇಪ್ಪತ್ತು ವರ್ಷದಿಂದ ನಾಟಕಕ್ಕೆ ಮೈಕ್ ಕಟ್ತಿದೀನಿ. ನಿಮ್ಮಪ್ಪ ಕೇಳಿದ ಪ್ರಶ್ನೆ ಸರಿಯಾದ ಪ್ರಶ್ನೆ. ಆ ಥರದ ಸೌಲಭ್ಯಗಳನ್ನ ತಯಾರು ಮಾಡಿರೋದು ಮಾತಿಗೆ, ಮೀಟಿಂಗಿಗೆ. ಫ್ಯಾನು, ಎಸಿ ಥರ ಒಂದೇ ಸಮನೆ ಬರೋ ಶಬ್ದ ಸಿಕ್ಕಿದ್ರೆ ಅದು ಗದ್ದಲ ಅಂತ ಅದಕ್ಕೆ ಕಲಿಸಿರ್ತಾರೆ. ಪೆಟ್ಟಿಗೆಯಲ್ಲಿ ಶ್ರುತಿ ಹಿಡಿದು ಒತ್ತಿದ್ರೆ ಅದೂ ಒಂದೇ ಸಮ ತಾನೇ? ಫ್ಯಾನು ಅಂತ ತಿಳ್ಕೊಂಡು ತೆಗೆದಿದೆ.

ಮೊದಲು ಪ್ಲೇಯರ್ ನೋಡಿ. ಟೇಪ್ ತಾಗಿ ಓಡೋ ಹೆಡ್ಡನ್ನ ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಹತ್ತಿ ಅದ್ದಿ ಒರೆಸಿ, ಕಂದು ಬಣ್ಣ ಬರೋದು ನಿಲ್ಲೋವರೆಗೂ. ಹೆಡ್ಡಿನ ಪಕ್ಕದಲ್ಲಿ ಸಣ್ಣ ಸ್ಕ್ರೂ ಇರುತ್ತೆ. ಕ್ಯಾಸೆಟ್ ಓಡ್ತಿರೋವಾಗಲೇ ಕೂದಲೆಳೆಯಷ್ಟು ತಿರುಗಿಸಿ, ತಾಳದ ಛಣ್ ಅನ್ನೋದು ಎಲ್ಲಿ ಜೋರಾಗುತ್ತೋ ಅಲ್ಲಿ ಬಿಡಿ. ಇಷ್ಟಕ್ಕೇ ಅರ್ಧ ಗೆದ್ದಂಗೆ.

ಆಮೇಲೆ ಆಡಾಸಿಟಿಯಲ್ಲಿ ಗದ್ದಲದ ಮಾದರಿ ಕೊಡಬೇಕಲ್ಲ, ಅದನ್ನ ನಾಟಕದ ಮಧ್ಯದಿಂದ ತಗೋಬೇಡಿ. ಯಾರೂ ಮಾತಾಡ್ತಿಲ್ಲ ಅಂದ್ಕೊಂಡ ಕಡೆನೂ ಪೆಟ್ಟಿಗೆ ಮೆಲ್ಲಗೆ ನುಡೀತಿರುತ್ತೆ, ಅದನ್ನೇ ಗದ್ದಲ ಅಂತ ತೋರಿಸಿದಂಗಾಗುತ್ತೆ. ಟೇಪಿನ ಶುರುವಲ್ಲಿ ಬಣ್ಣ ಇಲ್ಲದ ಪಟ್ಟಿ ದಾಟಿದ ಮೇಲೆ, ಶಬ್ದ ಶುರುವಾಗೋಕೆ ಮುಂಚೆ ಒಂದೆರಡು ಸೆಕೆಂಡ್ ಬರೀ ಸುಸ್ಸ್ ಇದ್ರೆ ಅದನ್ನ ತಗೊಳ್ಳಿ. 6 ಡೆಸಿಬಲ್ ಕಡಿಮೆ ಮಾಡಿದ್ರೆ ಸಾಕು, ಆಸೆ ಬೀಳಬೇಡಿ. ಕರೆಂಟಿನ ಗುಂಯ್ ಆಗಿದ್ರೆ 50, 100, 150 ಹರ್ಟ್ಸಲ್ಲಿ ನಾಚ್ ಫಿಲ್ಟರ್, ಅಂದ್ರೆ ಆ ಒಂದು ಹರ್ಟ್ಸನ್ನ ಮಾತ್ರ ಕತ್ತರಿಸೋದು, ಹಾಕಬಹುದು. ಜನರೇಟರ್ ಅಂದ್ರಲ್ಲ, ಅದರ ಹರ್ಟ್ಸ್ ಲೋಡಿಗೆ ತಕ್ಕಂಗೆ ಏರಿಳಿಯುತ್ತೆ, ಫಿಲ್ಟರಿಗೆ ಸಿಗಲ್ಲ. ಬಿಟ್ಟುಬಿಡಿ.

ಇನ್ನೊಂದು. ನಿಮ್ಮ ಮಾವ ಸೆಲ್ ಹಾಕಿ ರೆಕಾರ್ಡ್ ಮಾಡಿದ್ರಾ? ರಾತ್ರಿಯೆಲ್ಲಾ ಓಡಿ ಸೆಲ್ ಇಳಿದ್ರೆ ಮೋಟರ್ ನಿಧಾನ ಆಗುತ್ತೆ. ನಿಧಾನವಾಗಿ ರೆಕಾರ್ಡ್ ಆಗಿದ್ದನ್ನ ಈಗ ಸರಿಯಾದ ವೇಗದಲ್ಲಿ ಹಾಕಿದ್ರೆ ಎಲ್ಲರ ದನಿಯೂ ಕೀರಲು. ಆ ಪೆಟ್ಟಿಗೆ ಈಗಲೂ ಇದ್ರೆ ಅದರ ಶ್ರುತಿಗೆ ಹೋಲಿಸಿ. ಒಂದು ಮನೆ, ಅಂದ್ರೆ ಪೆಟ್ಟಿಗೆಯ ಒಂದು ಕೀಲಿಯಷ್ಟು, ಮೇಲೆ ಹೋಗಿದ್ರೆ ವೇಗನ ಶೇ. 5.6ರಷ್ಟು ತಗ್ಗಿಸಿ, ಕೂರುತ್ತೆ.

ಕೋಲಾರದ ಮೇಷ್ಟ್ರು:

ಶಬ್ದದ ವಿಷಯದಲ್ಲಿ ಮೈಕ್‌ಸೆಟ್‌ನವರು ಹೇಳಿದ್ದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ. ಎಲ್ಲಿಡಬೇಕು ಅನ್ನೋದಕ್ಕೆ ಮಾತ್ರ ಹೇಳ್ತೀನಿ. ಯೂಟ್ಯೂಬಿಗೆ ಹಾಕಿ ಸರ್. ಖಾತೆ ದೃಢೀಕರಿಸದಿದ್ದರೆ 15 ನಿಮಿಷದ ಮಿತಿ, ಮೊಬೈಲ್ ನಂಬರ್ ಕೊಟ್ಟು ದೃಢೀಕರಿಸಿದರೆ 12 ಗಂಟೆಯವರೆಗೆ ಹಾಕಬಹುದು. ಇಡೀ ರಾತ್ರಿಯ ನಾಟಕ ಒಂದೇ ವಿಡಿಯೊದಲ್ಲಿ ಬರುತ್ತೆ.

ನಮ್ಮ ತಾಯಿಗೆ 81. ಸೊಂಟ ಮುರಿದ ಮೇಲೆ ಮಂಚ ಬಿಟ್ಟು ಎದ್ದಿಲ್ಲ. ಈಗ ಹಳ್ಳಿ ನಾಟಕಗಳನ್ನ ರಾತ್ರಿಯಿಡೀ ನೇರಪ್ರಸಾರ ಮಾಡ್ತಾರಲ್ಲ, ಫೋನನ್ನ ದಿಂಬಿಗೆ ಒರಗಿಸಿ ಕೊಟ್ಟರೆ ಮಾಲೂರಿನ ನಾಟಕಾನೋ ಮಧುಗಿರಿ ನಾಟಕಾನೋ ನೋಡ್ತಾ, ಕೃಷ್ಣ ಪದ ತಪ್ಪಿದರೆ ಇಲ್ಲಿಂದಲೇ ಎತ್ತಿಕೊಡ್ತಾರೆ. ಹುಡುಗಿಯಾಗಿದ್ದಾಗ ನಾಟಕಕ್ಕೆ ಹೋಗೋಕೆ ಮನೆಯಲ್ಲಿ ಬಿಡ್ತಿರಲಿಲ್ಲವಂತೆ. ಡಿಸ್ಕಿನಲ್ಲಿ ಬೀಗ ಹಾಕಿಟ್ಟ ನಾಟಕ ಇಂಥವರಿಗೆ ಸಿಗಲ್ಲ. ನಿಮ್ಮ ತಾಣ ಮುಚ್ಚಿದ ನೋವು ಅರ್ಥವಾಗುತ್ತೆ, ಆದರೂ ಕೇಳೋರು ಇದ್ದರೇನೇ ನಾಟಕ ಉಳಿಯೋದು.

ಕೊಬ್ಬರಿ ಸೀಮೆಯವಳು:

ತಿಪಟೂರಿನವಳು, ಬೆಂಗಳೂರಿನಲ್ಲಿ ಡೇಟಾ ಸ್ಟೋರೇಜ್ ಕೆಲಸ. ಮೇಷ್ಟ್ರ ಮಾತು ಒಪ್ತೀನಿ, ಜನ ಕೇಳಬೇಕು. ಆದರೆ ಯೂಟ್ಯೂಬ್ ಕೇಳಿಸೋ ಜಾಗ, ಕಾಪಾಡೋ ಜಾಗ ನಿಮ್ಮ ಕೈಲಿರಲಿ. ಏನೂ ತಿದ್ದದ ಮೂಲ ಧ್ವನಿಯನ್ನ ಫ್ಲ್ಯಾಕ್ (ಗುಣಮಟ್ಟ ಕೆಡದಂತೆ ಕುಗ್ಗಿಸೋ ಫೈಲ್) ಮಾಡಿ ಇಡಿ. ಐದು ಕ್ಯಾಸೆಟ್ ಏಳೂವರೆ ಗಂಟೆ, ಸಿಡಿ ಗುಣಮಟ್ಟದಲ್ಲಿ ಸುಮಾರು ನಾಲ್ಕೂವರೆ ಜಿಬಿ, ಫ್ಲ್ಯಾಕ್ ಆದಾಗ ಇನ್ನೂ ಕಮ್ಮಿ. ಮೂರು ಪ್ರತಿ ಮಾಡಿ, ಎರಡು ಬೇರೆ ಬೇರೆ ಥರದ ಸಾಧನದಲ್ಲಿ, ಒಂದು ಮನೆಯಿಂದ ಆಚೆ. ಪೆನ್‌ಡ್ರೈವ್ ನಂಬಬೇಡಿ. ವರ್ಷಕ್ಕೊಂದು ಸಲ ಡಿಸ್ಕ್ ಹಾಕಿ ಫೈಲ್ ತೆಗೆದು ನೋಡಿ. ಶುದ್ಧ ಮಾಡಿದ್ದು ಬೇರೆ ಪ್ರತಿ. ನಾಳೆ ಇನ್ನೂ ಒಳ್ಳೇ ವಿಧಾನ ಬಂದಾಗ ಮೂಲ ಇದ್ದರೆ ತಾನೇ ಕೆಲಸಕ್ಕೆ ಬರೋದು?

ಜೊತೆಗೊಂದು ವಿವರದ ಫೈಲ್ ಬರೀರಿ: ಊರು, ದಿನ, ಯಾರ್ಯಾರ ಪಾತ್ರ. ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿಸಬೇಡಿ, ಆ ಫಾಂಟ್ ಇಲ್ಲದ ಕಡೆ ತೆಗೆದರೆ ಅರ್ಥವಿಲ್ಲದ ಅಕ್ಷರ ಬರುತ್ತೆ. ಯೂನಿಕೋಡಲ್ಲಿ ಬರೀರಿ. ಮಿಂಟ್‌ನ ಕೀಬೋರ್ಡ್ ಪಟ್ಟಿಯಲ್ಲಿ ಕಗಪ ಅನ್ನೋ ಕನ್ನಡ ಕೀಲಿ ವಿನ್ಯಾಸ ಸಿಗುತ್ತೆ.

ಒಂದು ಮಾತು ಯಾರೂ ಕೇಳಲಿಲ್ಲ. ದ್ರೌಪದಿ ಯಾರು ಮಾಡಿದ್ದರು? ನಮ್ಮ ದೊಡ್ಡಮ್ಮ ನಾಟಕದ ಕಲಾವಿದೆ. ಊರೂರಿಗೆ ಹೋಗಿ ಪಾತ್ರ ಮಾಡಿ, ಬೆಳಿಗ್ಗೆ ಮೊದಲನೇ ಬಸ್ಸಿಗೆ ಮುಖದ ಬಣ್ಣ ಪೂರ್ತಿ ಹೋಗದೇ ಹತ್ತಿ ಬರೋರು. ಗಂಡು ಪಾತ್ರದವರಿಗೆ ಹಾರ, ಹೆಸರು, ಬಹುಮಾನ. ಇವರ ಹೆಸರು ಕೂಗಿದ್ದು ಕಮ್ಮಿ. ಕಾನೂನಿನಲ್ಲೂ ಪಾತ್ರಧಾರಿಗಳಿಗೆ 50 ವರ್ಷದ ಹಕ್ಕಿದೆ. ನಾಟಕ ಬರೆದ ಕವಿಯ ಹಕ್ಕು ಅವರು ತೀರಿಕೊಂಡ ಮೇಲೂ 60 ವರ್ಷ. ಏರಿಸೋ ಮುಂಚೆ ಈ ಹಕ್ಕಿರೋರನ್ನ ಕೇಳಿ.

ನಿಟ್ಟೂರಿನವನು:

ಎಲ್ಲರಿಗೂ ತುಂಬು ಮನಸ್ಸಿನ ಧನ್ಯವಾದ. ಮೂರು ವಾರ ಆಯ್ತು, ಏನೇನಾಯ್ತು ಹೇಳ್ತೀನಿ.

ಮೈಕ್‌ಸೆಟ್ ಅಣ್ಣ ಹೇಳಿದಂಗೆ ಹೆಡ್ ಒರೆಸಿ ಸ್ಕ್ರೂ ತಿರುಗಿಸಿದೆ. ಅಪ್ಪ ಪದ್ಯಕ್ಕೆ ಮುಂಚೆ ಎಳ್ಕೊಳ್ಳೋ ಉಸಿರು ಕೇಳಿಸ್ತು. ಮೊದಲನೇ ಸಲ ಅದು ಕೇಳಿಸಿರಲೇ ಇಲ್ಲ.

ಸೆಲ್ಲಿನ ಮಾತೂ ನಿಜ. ಮಾವನ್ನ ಕೇಳಿದೆ, ನಾಲ್ಕು ದೊಡ್ಡ ಸೆಲ್, ಮಧ್ಯರಾತ್ರಿ ಮೇಲೆ ಬದಲಾಯಿಸೋಕೆ ಬೇರೆ ಇರಲಿಲ್ಲ ಅಂದರು. ಅದಕ್ಕೇ ನಾಲ್ಕನೇ ಕ್ಯಾಸೆಟ್ಟಲ್ಲಿ ಅಪ್ಪ ಚಿಕ್ಕ ಹುಡುಗನ ಥರ ಕೇಳ್ತಿದ್ದರು. ಲ್ಯಾಪ್‌ಟಾಪಿಗೆ ಕಾಪಿ ಮಾಡ್ಕೊಂಡು ಹಾರ್ಮೋನಿಯಂ ಮೇಷ್ಟ್ರ ಮನೆಗೆ ಹೋದೆ. ಅವರಿಗೆ ಈಗ 80ರ ಮೇಲೆ, ಅವರ ಗುರುಗಳು ಗುಬ್ಬಿ ಕಂಪನಿಯಲ್ಲಿ ನುಡಿಸ್ತಿದ್ದೋರಂತೆ. 1884ರಲ್ಲಿ ಶುರುವಾದ ಆ ಕಂಪನಿಯ ಕೈ ಈ ಕ್ಯಾಸೆಟ್ಟಿನವರೆಗೂ ಬಂದಿದೆ ಅಂತ ನನಗೆ ಗೊತ್ತೇ ಇರಲಿಲ್ಲ. ಪೆಟ್ಟಿಗೆ ಮೇಲಿನ ಬಟ್ಟೆ ಸರಿಸಿ ತಿದಿ ಒತ್ತಿದರು. ಎರಡು ಸ್ವರ ಉಬ್ಬಸ ಬಂದಂಗೆ ನುಡೀತವೆ, ಮಿಕ್ಕವು ಸರಿ. "ಅವತ್ತು ನಿಮ್ಮಪ್ಪಂಗೆ ಇದೇ ಮನೆ" ಅಂತ ಒಂದು ಕರಿ ಮನೆ ಒತ್ತಿ ಹಿಡಿದರು. ನಾನು ವೇಗ ತಗ್ಗಿಸ್ತಾ ಬಂದೆ. ಶೇ. 5ಕ್ಕೆ ಇನ್ನೂ ಅಲೆ ಅಲೆಯಾಗಿ ಕೇಳ್ತಿತ್ತು. 5.6ಕ್ಕೆ ಎರಡೂ ಶ್ರುತಿ ಒಂದಾಗಿ ಅಲೆ ನಿಂತಿತು. ಮೇಷ್ಟ್ರು ಕೈ ತೆಗೀಲಿಲ್ಲ, ಪದ್ಯ ಮುಗಿಯೋವರೆಗೂ ಕ್ಯಾಸೆಟ್ಟಿನ ಜೊತೆ ನುಡಿಸಿದರು.

ಸುಸ್ಸ್ ಮಾತ್ರ 6 ಡೆಸಿಬಲ್ ತೆಗೆದಿದೀನಿ. ಜನರೇಟರ್, ಶಿಳ್ಳೆ, 51 ರೂಪಾಯಿ, ಎಲ್ಲಾ ಹಂಗೇ ಐತೆ. ಒಂದು ಡಿಸ್ಕ್ ನನ್ನ ಹತ್ರ, ಇನ್ನೊಂದು ಊರಲ್ಲಿ ತಮ್ಮನ ಮನೇಲಿ. ಕೋಲಾರದ ಮೇಷ್ಟ್ರೇ, ನಿಮ್ಮ ತಾಯಿಯವರಿಗೆ ಬೇರೆ ಪ್ರತಿ ಕಳಿಸ್ತೀನಿ, ಯೂಟ್ಯೂಬಿಗೆ ಹಾಕೋವರೆಗೂ ಅವರು ಕಾಯೋದು ಬೇಡ.

ಅಕ್ಕ, ನಿಮ್ಮ ಪ್ರಶ್ನೆಗೆ ಏಳೂವರೆ ಗಂಟೆ ಪೂರ್ತಿ ಕೇಳಿದೆ. ಬಹುಮಾನ ಕೊಟ್ಟ ಅಷ್ಟೂ ಜನರ ಹೆಸರೈತೆ, ದ್ರೌಪದಿ ಹೆಸರು ಒಂದು ಸಲಾನೂ ಇಲ್ಲ. ಹ್ಯಾಂಡ್‌ಬಿಲ್ ಹುಡುಕಿ ತೆಗೆದೆ. ಗಂಡು ಪಾತ್ರಗಳ ಮುಂದೆ ತಂದೆ ಹೆಸರು ಸಮೇತ ಐತೆ, ಕೊನೇ ಸಾಲಲ್ಲಿ "ಸ್ತ್ರೀ ಪಾತ್ರಗಳಲ್ಲಿ ತುಮಕೂರಿನ ಕಲಾವಿದೆಯರು" ಅಂತ ಮಾತ್ರ. ಅಪ್ಪಂಗೂ ನೆನಪಿಲ್ಲ. ಹಾರ್ಮೋನಿಯಂ ಮೇಷ್ಟ್ರಿಗೆ ನೆನಪಿತ್ತು, ಹೆಸರು ಹೇಳಿ ಆಯಮ್ಮನ ಶ್ರುತಿ ಯಾವುದು ಅಂತಾನೂ ಒತ್ತಿ ತೋರಿಸಿದರು. ಈಗ ಕುಣಿಗಲ್ ಹತ್ರ ಮಗಳ ಮನೇಲಿದ್ದಾರಂತೆ. ಹೆಸರು ಇಲ್ಲಿ ಹಾಕಲ್ಲ, ಮೊದಲು ಅವರನ್ನ ಕೇಳಬೇಕು. ಭಾನುವಾರ ಅಪ್ಪನ್ನೂ ಕರ್ಕೊಂಡು ಹೋಗ್ತಿದೀನಿ, ಮೂರನೇ ಕ್ಯಾಸೆಟ್ ತಗೊಂಡು. ಅವರ ಪದ್ಯಗಳು ಇರೋದು ಅದರಲ್ಲೇ.