ಲೈಫ್‌ಲಿಂಕ್ ಎರಡು, ಪ್ರೈಡ್‌ಮೇಟ್ ಎರಡು: ಕೌಂಟರ್ ಎಷ್ಟು ಬೀಳುತ್ತೆ?

ಕೇಳಿದವರು: ಗೂಬೆಗಣ್ಣು

ಮ್ಯಾಜಿಕ್: ದಿ ಗ್ಯಾದರಿಂಗ್ ಕಾರ್ಡ್ ಆಟದ ನಿಯಮ ಗೊತ್ತಿರೋರು ದಯವಿಟ್ಟು ಇದನ್ನ ಬಿಡಿಸಿ ಹೇಳಿ. ಬೋರ್ಡ್ ಹೀಗಿದೆ:

ನನ್ನ ಕಡೆ ಅಜಾನೀಸ್ ಪ್ರೈಡ್‌ಮೇಟ್ ಎರಡು (2/2, ಅಂದ್ರೆ ಹೊಡೆತ 2, ತಾಳಿಕೆ 2; ನನಗೆ ಲೈಫ್ ಗೇನ್ ಆದಾಗಲೆಲ್ಲ ಎರಡನ್ನೂ ಒಂದೊಂದು ಏರಿಸೋ ಒಂದು +1/+1 ಕೌಂಟರ್), ಹೀಲರ್ಸ್ ಹಾಕ್ (1/1, ಫ್ಲೈಯಿಂಗ್, ಲೈಫ್‌ಲಿಂಕ್ ಅಂದ್ರೆ ಹೊಡೆದಷ್ಟು ಲೈಫ್ ಒಡೆಯನಿಗೆ), ವ್ಯಾಂಪೈರ್ ನೈಟ್‌ಹಾಕ್ (2/3, ಫ್ಲೈಯಿಂಗ್, ಡೆತ್‌ಟಚ್, ಲೈಫ್‌ಲಿಂಕ್), ಬ್ಲಡ್ ಆರ್ಟಿಸ್ಟ್ (0/1, ಯಾವ ಕ್ರೀಚರ್ ಸತ್ತರೂ ನಾನು ಆರಿಸಿದ ಪ್ಲೇಯರ್‌ಗೆ 1 ಲೈಫ್ ನಷ್ಟ, ನನಗೆ 1 ಲೈಫ್ ಗೇನ್). ಇಬ್ಬರದ್ದೂ ಲೈಫ್ 20.

ಹಾರೋ ಎರಡೂ ಪ್ಲಸ್ ಒಂದು ಪ್ರೈಡ್‌ಮೇಟ್ ಅಟ್ಯಾಕ್‌ಗೆ. ಇನ್ನೊಂದು ಪ್ರೈಡ್‌ಮೇಟ್ ಮತ್ತೆ ಬ್ಲಡ್ ಆರ್ಟಿಸ್ಟ್ ಹಿಂದೆ ಉಳಿದಿವೆ. ಎದುರಾಳಿ ಹಾರೋದನ್ನ ಬಿಟ್ಟು, ಪ್ರೈಡ್‌ಮೇಟನ್ನ 3/3 ಒಂದರಿಂದ ಬ್ಲಾಕ್ ಮಾಡಿದ. ಡ್ಯಾಮೇಜ್ ಎಲ್ಲಾ ಒಟ್ಟಿಗೇ ಬೀಳೋದ್ರಿಂದ ಲೈಫ್ ಗೇನ್ ಕೂಡ ಒಂದೇ ಸಲ, ಹಾಗಾಗಿ ಟ್ರಿಗರ್ (ಏನಾದ್ರೂ ನಡೆದಾಗ ತಾನಾಗೇ ಶುರುವಾಗೋ ಪರಿಣಾಮ) ಒಂದೇ ಅನ್ನೋದು ಅವನ ವಾದ. ನನ್ನ ಲೆಕ್ಕದಲ್ಲಿ ಎರಡು, ಹಾಗಾಗಿ ಅಟ್ಯಾಕ್‌ಗೆ ಹೋದ ಪ್ರೈಡ್‌ಮೇಟ್ 4/4 ಆಗಿ ಬದುಕಬೇಕು. ಯಾವುದು ಸರಿ? ಹಾಕ್‌ಗೆ ಫಸ್ಟ್ ಸ್ಟ್ರೈಕ್ (ಉಳಿದವಕ್ಕಿಂತ ಮೊದಲೇ ಹೊಡೆಯೋ ಶಕ್ತಿ) ಕೊಟ್ಟಿದ್ರೆ ಏನಾದ್ರೂ ಬದಲಾಗುತ್ತಾ?

——

ಸ್ಟ್ಯಾಕ್‌ಭಟ್ಟ:

ಟ್ರಿಗರ್ ಎರಡು ಅನ್ನೋದು ಸರಿ. ಬದುಕುತ್ತೆ ಅನ್ನೋದು ತಪ್ಪು.

ಲೈಫ್‌ಲಿಂಕ್ ಟ್ರಿಗರ್ ಅಲ್ಲ, ಸ್ಟ್ಯಾಟಿಕ್ ಅಬಿಲಿಟಿ, ಅಂದ್ರೆ ಸದಾ ಜಾರಿಯಲ್ಲಿರೋ ಗುಣ (ನಿಯಮ 702.15). ಸ್ಟ್ಯಾಕ್ (ಸ್ಪೆಲ್, ಟ್ರಿಗರ್‌ಗಳು ಸರದಿ ಕಾಯೋ ಜಾಗ, ಕೊನೆಗೆ ಬಂದದ್ದು ಮೊದಲು) ಮೇಲೆ ಹೋಗಲ್ಲ, ಡ್ಯಾಮೇಜಿನ ಫಲಿತಾಂಶದಲ್ಲೇ ಸೇರಿಕೊಂಡಿರುತ್ತೆ. ಲೈಫ್‌ಲಿಂಕ್ ಇರೋ ಸೋರ್ಸ್ ಎಷ್ಟೋ, ಲೈಫ್ ಗೇನ್ ಈವೆಂಟ್ ಅಷ್ಟು. ಹಾಕ್‌ನಿಂದ 1, ನೈಟ್‌ಹಾಕ್‌ನಿಂದ 2, ನೀವು 23. ಇವು ಎರಡು ಬೇರೆ ಬೇರೆ ಗೇನ್, ಹಾಗಾಗಿ ಒಂದೊಂದು ಪ್ರೈಡ್‌ಮೇಟೂ ಎರಡೆರಡು ಸಲ ಟ್ರಿಗರ್ ಆಗುತ್ತೆ.

ಎಡವೋದು ಇದರ ಮುಂದಿನ ಹೆಜ್ಜೆಯಲ್ಲಿ. ಟ್ರಿಗರ್ ಆಯ್ತು ಅಂದ ತಕ್ಷಣ ಅದು ಸ್ಟ್ಯಾಕ್ ಮೇಲೆ ಕೂರಲ್ಲ, ಯಾರಿಗಾದರೂ ಪ್ರಯಾರಿಟಿ (ಏನಾದ್ರೂ ಆಡೋ ಅವಕಾಶ) ಸಿಗೋವರೆಗೆ ಕಾಯುತ್ತೆ. ಪ್ರಯಾರಿಟಿಗೆ ಮೊದಲು ಸ್ಟೇಟ್-ಬೇಸ್ಡ್ ಆಕ್ಷನ್ (ಯಾವುದು ಸತ್ತಿತು, ಯಾರು ಸೋತರು ಅಂತ ಆಟ ತಾನೇ ಮಾಡೋ ತಪಾಸಣೆ, ನಿಯಮ 704) ನೋಡಬೇಕು: 2/2 ಪ್ರೈಡ್‌ಮೇಟ್ ಮೇಲೆ 3 ಡ್ಯಾಮೇಜ್ ಇದೆ, ಸತ್ತಿತು. ಈ ಸಾವಿಗೆ ಬ್ಲಡ್ ಆರ್ಟಿಸ್ಟ್ ಟ್ರಿಗರ್ ಆಗುತ್ತೆ. ಆಮೇಲೆ ಐದೂ ಟ್ರಿಗರ್‌ಗಳನ್ನ ನೀವು ಬೇಕಾದ ಕ್ರಮದಲ್ಲಿ ಸ್ಟ್ಯಾಕ್ ಮೇಲೆ ಇಡ್ತೀರಿ. ಸತ್ತ ಪ್ರೈಡ್‌ಮೇಟಿನ ಎರಡು ಟ್ರಿಗರ್ ರಿಸಾಲ್ವ್ ಆಗುತ್ತವೆ (ಜಾರಿಗೆ ಬರುತ್ತವೆ), ಆದರೆ ಕೌಂಟರ್ ಹಾಕೋಕೆ ಕ್ರೀಚರ್ರೇ ಇಲ್ಲ.

ಹಿಂದೆ ಉಳಿದ ಪ್ರೈಡ್‌ಮೇಟಿಗೆ ಎರಡು ಕೌಂಟರ್. ಬ್ಲಡ್ ಆರ್ಟಿಸ್ಟ್ ರಿಸಾಲ್ವ್ ಆದಾಗ ನಿಮಗೆ ಇನ್ನೊಂದು ಲೈಫ್, ಅದಕ್ಕೆ ಮೂರನೇ ಕೌಂಟರ್. ಕೊನೆಗೆ ಅದು 5/5, ನೀವು 24, ಎದುರಾಳಿ 16.

ಫಸ್ಟ್ ಸ್ಟ್ರೈಕ್ ಬಂದರೆ ಕತೆಯೇ ಬೇರೆ. ಕಾಂಬ್ಯಾಟ್ ಡ್ಯಾಮೇಜ್ ಸ್ಟೆಪ್ ಎರಡಾಗುತ್ತೆ, ನಡುವೆ ಟ್ರಿಗರ್‌ಗಳು ಪೂರ್ತಿ ರಿಸಾಲ್ವ್ ಆಗೋಕೆ ಜಾಗ ಸಿಗುತ್ತೆ. ಹಾಕ್ ಒಂದಕ್ಕೇ ಫಸ್ಟ್ ಸ್ಟ್ರೈಕ್ ಇದ್ರೆ, ಎರಡನೇ ಸ್ಟೆಪ್ ಹೊತ್ತಿಗೆ ಅಟ್ಯಾಕರ್ 3/3. ಅದೂ ಬ್ಲಾಕರ್ರೂ ಒಂದನ್ನೊಂದು ಕೊಲ್ಲುತ್ತವೆ. ಸಾವು ಎರಡು, ಆರ್ಟಿಸ್ಟ್ ಟ್ರಿಗರ್ ಎರಡು, ಹಿಂದಿರೋ ಪ್ರೈಡ್‌ಮೇಟಿಗೆ ಒಟ್ಟು ನಾಲ್ಕು ಕೌಂಟರ್. ಹಾರೋ ಎರಡಕ್ಕೂ ಇದ್ರೆ ಮಾತ್ರ ನಿಮ್ಮ 4/4 ಕನಸು ನಿಜ: 3 ಡ್ಯಾಮೇಜ್ ತಿಂದು ಬದುಕುತ್ತೆ, 3/3 ಸಾಯುತ್ತೆ. ಒಂದು ಎಚ್ಚರ: ಆ ನಡುವಿನ ಸ್ಟೆಪ್‌ನಲ್ಲಿ ಎದುರಾಳಿಗೂ ಪ್ರಯಾರಿಟಿ ಸಿಗುತ್ತೆ. ಕೌಂಟರ್ ಬೀಳೋ ಮುಂಚೆ ಟ್ರಿಗರ್‌ಗೆ ಉತ್ತರವಾಗಿ ಶಾಕ್ (2 ಡ್ಯಾಮೇಜ್ ಕೊಡೋ ಸ್ಪೆಲ್) ಹಾಕಿದ್ರೆ 2/2 ಅಲ್ಲೇ ಹೋಯ್ತು.

——

ಬಾರ್ಡರ್‌ಕಪ್ಪು:

ಭಟ್ರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಹಳಬರು ಇನ್ನೂ "ಲೈಫ್‌ಲಿಂಕ್ ಟ್ರಿಗರ್" ಅಂತಾರಲ್ಲ, ಅದಕ್ಕೆ ಕಾರಣ ಇದೆ. 2007ರ ಫ್ಯೂಚರ್ ಸೈಟ್‌ನಲ್ಲಿ ಈ ಕೀವರ್ಡ್ ಬಂದಾಗ ಅದು ಟ್ರಿಗರ್ರೇ. ಸ್ಟ್ಯಾಟಿಕ್ ಆಗಿದ್ದು 2009ರ ಮ್ಯಾಜಿಕ್ 2010 ನಿಯಮಗಳ ಜೊತೆ, ಡೆತ್‌ಟಚ್ ಕೂಡ ಆಗಲೇ.

ಸ್ಪಿರಿಟ್ ಲಿಂಕ್, ಆರ್ಮಡಿಲೋ ಕ್ಲೋಕ್ ಥರದ ಆರಾ ಕಾರ್ಡ್‌ಗಳು (ಕ್ರೀಚರ್ ಮೇಲೆ ಹಾಕಿದ್ರೆ ಅದು ಹೊಡೆದಷ್ಟು ಲೈಫ್ ಕೊಡೋವು) ಇವತ್ತಿಗೂ ಟ್ರಿಗರ್. ವ್ಯತ್ಯಾಸ ಪ್ರಾಣ ಹೋಗೋವಷ್ಟು ದೊಡ್ಡದು. ನಿಮ್ಮ ಲೈಫ್ 2. ಎದುರಾಳಿ ಎರಡು ಕ್ರೀಚರ್‌ನಿಂದ ಅಟ್ಯಾಕ್ ಮಾಡಿದ, ಒಂದನ್ನ ನಿಮ್ಮ 2/2 ಬ್ಲಾಕ್ ಮಾಡಿತು, ಇನ್ನೊಂದು 3 ಡ್ಯಾಮೇಜ್ ನೇರ ನಿಮಗೆ. 2/2ಗೆ ಲೈಫ್‌ಲಿಂಕ್ ಇದ್ರೆ 2 − 3 + 2, ಅಂದ್ರೆ 1ರಲ್ಲಿ ಉಳಿದ್ರಿ. ಅದರ ಮೇಲೆ ಇರೋದು ಸ್ಪಿರಿಟ್ ಲಿಂಕ್ ಆದ್ರೆ ನೀವು −1, ಸ್ಟೇಟ್-ಬೇಸ್ಡ್ ಆಕ್ಷನ್‌ನಲ್ಲೇ ಆಟ ಮುಗೀತು, ಟ್ರಿಗರ್ ಸ್ಟ್ಯಾಕ್ ಮುಖ ನೋಡಲ್ಲ.

ಸ್ಪಿರಿಟ್ ಲಿಂಕ್‌ಗೆ ಅದರದ್ದೇ ಲಾಭ ಇದೆ. ಲೈಫ್ ಸಿಗೋದು ಆರಾ ಯಾರದ್ದೋ ಅವರಿಗೆ. ಎದುರಾಳಿಯ ದೊಡ್ಡ ಕ್ರೀಚರ್ ಮೇಲೆ ಹಾಕಿಬಿಡಿ, ಅದು ಹೊಡೆದಾಗೆಲ್ಲ ಲೈಫ್ ನಿಮಗೆ. ಎರಡು ಸ್ಪಿರಿಟ್ ಲಿಂಕ್ ಹಾಕಿದ್ರೆ ಎರಡು ಟ್ರಿಗರ್. ಲೈಫ್‌ಲಿಂಕ್ ಎರಡು ಸಲ ಕೊಟ್ಟರೆ ಮಾತ್ರ ಏನೂ ಹೆಚ್ಚಾಗಲ್ಲ.

——

ಗೂಬೆಗಣ್ಣು:

ಅರ್ಥ ಆಯ್ತು, ಇಬ್ಬರಿಗೂ ಥ್ಯಾಂಕ್ಸ್. ಇನ್ನೊಂದು: ನೈಟ್‌ಹಾಕ್ ಮೇಲೆ ರಾಂಕರ್ ಇದೆ (+2/+0, ಟ್ರ್ಯಾಂಪಲ್ ಅಂದ್ರೆ ಬ್ಲಾಕರ್ ಕೊಲ್ಲೋಕೆ ಬೇಕಾದಷ್ಟು ಬಿಟ್ಟು ಉಳಿದ ಡ್ಯಾಮೇಜ್ ಪ್ಲೇಯರ್‌ಗೆ). ಸೆರಾ ಏಂಜೆಲ್ (4/4) ಬ್ಲಾಕ್ ಮಾಡಿತು. ಡ್ಯಾಮೇಜ್ ಏಂಜೆಲ್‌ಗೂ ಪ್ಲೇಯರ್‌ಗೂ ಹೋಗೋದ್ರಿಂದ ಪ್ರೈಡ್‌ಮೇಟ್ ಟ್ರಿಗರ್ ಎರಡಾ?

——

ಸ್ಟ್ಯಾಕ್‌ಭಟ್ಟ:

ಒಂದೇ. ಡ್ಯಾಮೇಜ್ ಎಷ್ಟು ಕಡೆ ಹಂಚಿಹೋದ್ರೂ ಸೋರ್ಸ್ ಒಂದೇ, ಸಮಯವೂ ಒಂದೇ. 4 ಲೈಫ್, ಒಂದು ಕೌಂಟರ್. ಡಬಲ್ ಸ್ಟ್ರೈಕ್ ಇದ್ರೆ ಎರಡು ಸ್ಟೆಪ್‌ನಲ್ಲಿ ಎರಡು ಗೇನ್, ಆಗ ಎರಡು ಕೌಂಟರ್.

ಈ ಜೋಡಿಯ ನಿಜವಾದ ಸೊಗಸು ಡೆತ್‌ಟಚ್ ಮತ್ತೆ ಟ್ರ್ಯಾಂಪಲ್‌ನಲ್ಲಿದೆ. ಡೆತ್‌ಟಚ್ ಇರೋವಾಗ 1 ಡ್ಯಾಮೇಜೇ ಕೊಲ್ಲೋಕೆ ಸಾಕು ಅಂತ ಲೆಕ್ಕ. ಏಂಜೆಲ್‌ಗೆ 1, ಪ್ಲೇಯರ್‌ಗೆ 3. ಬ್ಲಾಕರ್ ಇಂಡಿಸ್ಟ್ರಕ್ಟಿಬಲ್ ಆಗಿದ್ರೂ ಇದೇ ಹಂಚಿಕೆ, ಅದು ಸಾಯಲ್ಲ ಅಷ್ಟೇ. ಏಂಜೆಲ್‌ನ 4 ಡ್ಯಾಮೇಜ್ ತಿಂದು ನೈಟ್‌ಹಾಕ್ ಕೂಡ ಸಾಯುತ್ತೆ ಅನ್ನೋದು ಮರೀಬೇಡಿ. ಬ್ಲಡ್ ಆರ್ಟಿಸ್ಟ್ ಇದ್ರೆ ಅಲ್ಲಿ ಎರಡು ಟ್ರಿಗರ್.

——

ಒಂದ್‌ಮನಾಸಾಕು:

ಕೀವರ್ಡ್ ಅಂದ್ರೆಲ್ಲ ಸ್ಟ್ಯಾಟಿಕ್ ಅಂತ ಇಲ್ಲಿಂದ ಎದ್ದು ಹೋಗಬೇಡಿ ಮಾರಾಯ್ರೆ. ಪ್ರೊವೆಸ್, ವಾರ್ಡ್, ಎಕ್ಸಾಲ್ಟೆಡ್, ಕ್ಯಾಸ್ಕೇಡ್ ಇವೆಲ್ಲ ಕೀವರ್ಡ್ ವೇಷದ ಟ್ರಿಗರ್‌ಗಳು. ನಿಯಮಪುಸ್ತಕದಲ್ಲಿ ಆ ಕೀವರ್ಡಿನ ವಿವರಣೆ "ವೆನೆವರ್", "ವೆನ್" ಅಥವಾ "ಅಟ್" ಅಂತ ಶುರುವಾದ್ರೆ ಅದು ಸ್ಟ್ಯಾಕ್ ಮೇಲೆ ಹೋಗುತ್ತೆ. ಉತ್ತರ ಕೊಡೋಕೆ ಅವಕಾಶ ಅಲ್ಲಿರುತ್ತೆ.

ಪ್ರೊವೆಸ್‌ನಲ್ಲಿ (ನೀವು ಕ್ರೀಚರ್ ಅಲ್ಲದ ಸ್ಪೆಲ್ ಹಾಕಿದಾಗ ಆ ಟರ್ನ್‌ಗೆ +1/+1) ಇದು ಚೆನ್ನಾಗಿ ಕಾಣುತ್ತೆ. ನಿಮ್ಮ ಮೊನಾಸ್ಟರಿ ಸ್ವಿಫ್ಟ್‌ಸ್ಪಿಯರ್ (1/2) ಮೇಲೆ ಶಾಕ್ ಬಂತು, 2 ಡ್ಯಾಮೇಜ್. ಉತ್ತರವಾಗಿ ಆಪ್ಟ್ ಅನ್ನೋ ಸ್ಪೆಲ್ ಹಾಕಿದ್ರಿ. ಸ್ಟ್ಯಾಕ್ ಕೆಳಗಿಂದ: ಶಾಕ್, ಆಪ್ಟ್, ಪ್ರೊವೆಸ್. ಪ್ರೊವೆಸ್ ಮೊದಲು ರಿಸಾಲ್ವ್, 2/3 ಆಯ್ತು, ಶಾಕ್‌ನಿಂದ ಬಚಾವ್. ಆಪ್ಟನ್ನ ಕೌಂಟರ್ (ಇಲ್ಲಿ ರದ್ದು ಅನ್ನೋ ಅರ್ಥ) ಮಾಡಿದ್ರೂ ಪ್ರೊವೆಸ್ ನಿಲ್ಲಲ್ಲ, ಕಾಸ್ಟ್ ಮಾಡಿದ್ದೇ ಸಾಕು. ಆದ್ರೆ ಎದುರಾಳಿ ಕೈಯಲ್ಲಿ ಎರಡನೇ ಶಾಕ್ ಇದ್ದು, ಪ್ರೊವೆಸ್ ಟ್ರಿಗರ್ ಸ್ಟ್ಯಾಕ್ ಮೇಲಿರೋವಾಗಲೇ ಹಾಕಿದ್ರೆ ಅದು ಇನ್ನೂ 1/2, ಸತ್ತಿತು.

ವಾರ್ಡ್ ಕೂಡ ಟಾರ್ಗೆಟ್ ಆದಾಗ ಆಗೋ ಟ್ರಿಗರ್: ಎದುರಾಳಿ ಬೆಲೆ ಕಟ್ಟದಿದ್ರೆ ಅವನ ಸ್ಪೆಲ್ ರದ್ದು. ಬೆಲೆ ಕಟ್ಟೋ ಪ್ರಶ್ನೆ ಬರೋದು ಅದು ರಿಸಾಲ್ವ್ ಆಗೋವಾಗ, ಹಾಗಾಗಿ ಎದುರಾಳಿ ಮನಾ (ಸ್ಪೆಲ್ ಹಾಕೋಕೆ ಬೇಕಾದ ಶಕ್ತಿ) ಉಳಿಸಿಕೊಂಡಿರಬೇಕು. ಅಬ್ರಪ್ಟ್ ಡಿಕೇಯಂಥ ಕೌಂಟರ್ ಮಾಡಲಾಗದ ಸ್ಪೆಲ್ ಆದ್ರೆ ವಾರ್ಡ್ ಟ್ರಿಗರ್ ಆಗುತ್ತೆ, ಎದುರಾಳಿ ಕಟ್ಟಲ್ಲ ಅಂತಾನೆ, ಸ್ಪೆಲ್ ಹಾಗೇ ರಿಸಾಲ್ವ್ ಆಗುತ್ತೆ. ವಾರ್ಡ್ ಇದೆ ಅಂತ ನೆಮ್ಮದಿಯಾಗಿ ಕೂತೋರು ಇಲ್ಲೇ ಸಿಕ್ಕಿಬೀಳೋದು.

ಟೂರ್ನಮೆಂಟ್ ಆಡೋರಿಗೆ ಈ ವಿಂಗಡಣೆ ಇನ್ನೂ ಮುಖ್ಯ. ಟ್ರಿಗರ್ ನೆನಪಿಡೋ ಹೊಣೆ ಅದರ ಒಡೆಯನದ್ದು. ಪ್ರೈಡ್‌ಮೇಟ್ ಕೌಂಟರ್ ಮರೆತು ಮುಂದೆ ಹೋದ್ರೆ ಅದು ತಪ್ಪಿದ ಟ್ರಿಗರ್, ಎದುರಾಳಿ ನೆನಪಿಸಬೇಕಾಗಿಲ್ಲ. ಕಾಂಪಿಟಿಟಿವ್ ಮಟ್ಟದಲ್ಲಿ ಈಗ ಸ್ಟ್ಯಾಕ್ ಮೇಲೆ ಇಡಬೇಕಾ ಬೇಡವಾ ಅಂತ ತೀರ್ಮಾನಿಸೋದೂ ಎದುರಾಳಿಯೇ. ಲೈಫ್‌ಲಿಂಕ್ ಹಾಗಲ್ಲ. ಲೈಫ್ ಆಗಲೇ ಬಂದಿದೆ, ಹಾಳೆಯಲ್ಲಿ ಬರೆದಿಲ್ಲ ಅಷ್ಟೇ. ಅದನ್ನ ಸರಿಯಾಗಿ ಇಡೋ ಜವಾಬ್ದಾರಿ ಇಬ್ಬರದ್ದೂ.

ಹಳೇ ಪ್ರಿಂಟಿನ ಪ್ರೈಡ್‌ಮೇಟ್ ಮೇಲೆ "ಮೇ" ಅಂತ ಇರುತ್ತೆ, ಬೇಕಿದ್ರೆ ಹಾಕಬಹುದು ಅನ್ನೋ ಅರ್ಥದಲ್ಲಿ. ಈಗಿನ ಅಧಿಕೃತ ಪಠ್ಯದಲ್ಲಿ ಅದಿಲ್ಲ. ಕೈಯಲ್ಲಿರೋ ಕಾರ್ಡ್ ಯಾವ ಸೆಟ್ಟಿನದ್ದಾದ್ರೂ ಕೌಂಟರ್ ಕಡ್ಡಾಯ.