ಸ್ಲ್ಯಾಬ್ ಇಲ್ಲದ 1799ರ ಡ್ರೇಪ್ಡ್ ಬಸ್ಟ್ ಡಾಲರ್: ತಗೊಳ್ಳೋ ಮುಂಚೆ ಏನೇನು ನೋಡಬೇಕು?

ಬೆಳ್ಳಿಬಿಲ್ಲೆ:
1799ರ ಡ್ರೇಪ್ಡ್ ಬಸ್ಟ್ ಡಾಲರ್, ಅಂದ್ರೆ ಬಟ್ಟೆ ಹೊದ್ದ ಲಿಬರ್ಟಿಯ ಎದೆಮಟ್ಟದ ಚಿತ್ರ ಇರೋ ಅಮೆರಿಕದ ಬೆಳ್ಳಿ ನಾಣ್ಯ, ಒಂದು ಮಾರಾಟಕ್ಕೆ ಬಂದಿದೆ. ಸ್ಲ್ಯಾಬ್ (ಪರೀಕ್ಷಾ ಸಂಸ್ಥೆ ನೋಡಿ ಮುಚ್ಚಿಕೊಡೋ ಪ್ಲಾಸ್ಟಿಕ್ ಪೆಟ್ಟಿಗೆ) ಇಲ್ಲ. ತೂಕ 26.52 ಗ್ರಾಂ, ಅಯಸ್ಕಾಂತಕ್ಕೆ ಅಂಟಲ್ಲ. ಕೂದಲಿನ ಭಾಗದಲ್ಲಿ ಒಂದೇ ದಿಕ್ಕಿನ ಗೀರುಗಳಿವೆ. ಅಂಚಿನ ಬರಹ ಒಂದು ಕಡೆ ಅಕ್ಷರದ ಮೇಲೆ ಅಕ್ಷರ ಬಿದ್ದಿದೆ. ಎರಡೂ ಟಂಕಸಾಲೆಯಲ್ಲೇ ಆದದ್ದು ಅಂತಾರೆ ಮಾರೋರು. ನಂಬಬಹುದಾ?

ಅಂಚುನೋಟ:
ಎರಡೂ ನಿಜ ಇರಬಹುದು. ಆಗ ಬಿಲ್ಲೆ ಹೆಚ್ಚು ತೂಗಿದರೆ ಅಚ್ಚು ಹಾಕೋ ಮುಂಚೆ ಅರದಿಂದ ಉಜ್ಜಿ ಇಳಿಸ್ತಿದ್ರು. ಆ ಗೀರು ಅಚ್ಚಿನ ಒತ್ತಡಕ್ಕೆ ಸಿಕ್ಕಿ ಅರ್ಧಂಬರ್ಧ ಅಳಿಸಿರುತ್ತೆ. ಒತ್ತು ಸರಿಯಾಗಿ ತಾಗದ ಜಾಗದಲ್ಲಿ, ಅಂದ್ರೆ ಕೂದಲ ನಡುವೆ ಅಥವಾ ಅಂಚುಪಟ್ಟಿಯಲ್ಲಿ, ಉಳಿಯುತ್ತೆ. ಆಮೇಲೆ ಬಿದ್ದ ಗೀರಾದರೆ ಅಕ್ಷರ, ನಕ್ಷತ್ರಗಳನ್ನೇ ಕತ್ತರಿಸಿಕೊಂಡು ಹೋಗುತ್ತೆ, ಪಕ್ಕದಲ್ಲಿ ಲೋಹ ಎದ್ದಿರುತ್ತೆ. 10ಎಕ್ಸ್ ಭೂತಗನ್ನಡಿ ಸಾಕು.

ಅಂಚಿನಲ್ಲಿ ‘ಹಂಡ್ರೆಡ್ ಸೆಂಟ್ಸ್ ಒನ್ ಡಾಲರ್ ಆರ್ ಯುನಿಟ್’ ಅಂತ ಒಳತಗ್ಗಿನ ಅಕ್ಷರಗಳಿರಬೇಕು. ನಾಣ್ಯದ ಮೌಲ್ಯ ಬರೆದಿರೋದು ಅಲ್ಲಿ ಮಾತ್ರ. ಬಿಲ್ಲೆಯನ್ನು ಎರಡು ಪಟ್ಟಿಗಳ ನಡುವೆ ಉರುಳಿಸಿ ಆ ಬರಹ ಒತ್ತುತ್ತಿದ್ದರಿಂದ ಕೂಡುವ ಜಾಗದಲ್ಲಿ ಅಕ್ಷರ ಒಂದರ ಮೇಲೊಂದು ಬೀಳೋದು ಸಾಮಾನ್ಯ. ಬರಹದ ಉದ್ದಕ್ಕೂ ಸುತ್ತ ಒಂದು ಸಣ್ಣ ಗೆರೆ ಕಂಡರೆ ಮಾತ್ರ ಅದು ಎರಕದ ಜೋಡಣೆ. ಅಲ್ಲಿಗೆ ಬಿಟ್ಟುಬಿಡಿ.

ಮೂಲ ತೂಕ 26.96, ಹಾಗಾಗಿ ಸವೆದ ನಾಣ್ಯಕ್ಕೆ 26.52 ಸರಿಯೇ. ಸವೆತವೇ ಇಲ್ಲದೆ ಅಷ್ಟು ತೂಗಿದರೆ ಅನುಮಾನಿಸಿ. ಅಯಸ್ಕಾಂತದ ಪರೀಕ್ಷೆ ಹೆಚ್ಚೇನೂ ಹೇಳಲ್ಲ. ಸೀಸ, ಹಿತ್ತಾಳೆನೂ ಅಂಟಲ್ಲ.

ಸಾಂದ್ರತೆ ನೋಡಿ. 0.01 ಗ್ರಾಂ ತೋರಿಸೋ ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ನಾಣ್ಯವನ್ನು ತೆಳು ದಾರದಲ್ಲಿ ತಳಕ್ಕೆ, ಗೋಡೆಗೆ ತಾಗದ ಹಾಗೆ ಪೂರ್ತಿ ಮುಳುಗಿಸಿ. ಬರೋ ಅಂಕಿಯಿಂದ ಗಾಳಿಯಲ್ಲಿನ ತೂಕವನ್ನು ಭಾಗಿಸಿ. 0.892 ಬೆಳ್ಳಿಗೆ 10.3 ಆಸುಪಾಸು ಬರಬೇಕು. ಆಮೇಲೆ ಬಟ್ಟೆಯಿಂದ ಒತ್ತಿ ಒಣಗಿಸಿ, ಉಜ್ಜಬೇಡಿ.

ಬೆಳ್ಳಿಬಿಲ್ಲೆ:
ಮಾರೋರು ಹಾಗೇ ಮಾಡಿ ಕಳಿಸಿದ್ರು, 2.63 ಬಂದಿದೆ. ಅಂದ್ರೆ 10.08.

ಅಂಚುನೋಟ:
ಮೊದಲು ಗುಳ್ಳೆ ನೋಡೋಕೆ ಹೇಳಿ. ಅಕ್ಷರಗಳ ಸಂದಿಯಲ್ಲಿ ಗಾಳಿ ಕೂತರೆ ಗಾತ್ರ ಹೆಚ್ಚಾಗಿ ಸಾಂದ್ರತೆ ಇಳಿಯುತ್ತೆ. ನೀರಿಗೆ ಒಂದು ಹನಿ ಪಾತ್ರೆ ತೊಳೆಯೋ ಸೋಪು ಹಾಕಿ ಮತ್ತೆ ತೂಗಲಿ, 2.57ರ ಹತ್ತಿರ ಬಂದರೆ ಸರಿ. ಮತ್ತೂ 2.63 ಬಂದರೆ ಅದು ಮುಕ್ಕಾಲು ಪಾಲು ಬೆಳ್ಳಿಯ ಲೆಕ್ಕ. ತೂತು ಮುಚ್ಚಿದ ಅಸಲಿಯಲ್ಲೂ ವ್ಯತ್ಯಾಸ ಬರಬಹುದು, ಆದರೆ ಅದೂ ಬೇಡದ ಮಾಲೇ.

ಅಚ್ಚುಶೋಧಕ:
ಸಾಂದ್ರತೆ ಸರಿ ಬಂದ ಮಾತ್ರಕ್ಕೆ ಅಸಲಿ ಅಲ್ಲ ಸರ್. ಸರಿಯಾದ ಬೆಳ್ಳಿಯಲ್ಲೇ ಹೊಡೆದ ನಕಲಿಗಳಿವೆ. ತೀರ್ಮಾನ ಆಗೋದು ಅಚ್ಚಿನಲ್ಲಿ. ಆಗಿನ ಅಚ್ಚುಗಳಲ್ಲಿ ನಕ್ಷತ್ರ, ಅಂಕಿ, ಅಕ್ಷರ ಒಂದೊಂದನ್ನೂ ಕೈಯಿಂದ ಹೊಡೀತಿದ್ರು, ಹಾಗಾಗಿ ಮುಂದಿನ, ಹಿಂದಿನ ಅಚ್ಚಿನ ಪ್ರತಿ ಜೋಡಿಗೂ ಅದರದ್ದೇ ಅಂತರ ಇರುತ್ತೆ. ಬಿಬಿ ಸಂಖ್ಯೆಯ (ಬೋವರ್ಸ್, ಬೋರ್ಕಾರ್ಟ್ ಪ್ರತಿ ಅಚ್ಚಿನ ಜೋಡಿಗೂ ಕೊಟ್ಟ ಸಂಖ್ಯೆ) ಪಟ್ಟಿಯ ಚಿತ್ರಗಳ ಜೊತೆ ಕೊನೆಯ 9ಕ್ಕೂ ಎದೆಗೂ ಇರೋ ದೂರ, ನಕ್ಷತ್ರದ ಮೊನೆ ಎತ್ತ ತಿರುಗಿದೆ, ಅಚ್ಚಿನ ಬಿರುಕು ಇವನ್ನೆಲ್ಲ ಹೋಲಿಸಿ. 1799ರಲ್ಲಿ ಎಡಕ್ಕೆ 7, ಬಲಕ್ಕೆ 6 ನಕ್ಷತ್ರ ವಾಡಿಕೆ. 8 ಮತ್ತು 5 ಇರೋದು ಬಿಬಿ-159. ಹಿಂದೆ ಗುರಾಣಿ ಹೊತ್ತ ದೊಡ್ಡ ಹದ್ದೇ ಇರಬೇಕು. ಸಣ್ಣ ಹದ್ದು 1798ಕ್ಕೇ ಮುಗಿಯಿತು, 1799ರಲ್ಲಿ ಕಂಡರೆ ಮುಂದೆ ನೋಡೋದೇ ಬೇಡ.

ಇನ್ನೊಂದು, ಪೆಟ್ಟಿನ ಗುರುತು. ನಕಲಿ ಅಚ್ಚನ್ನು ಸಾಮಾನ್ಯವಾಗಿ ಒಂದು ಅಸಲಿ ನಾಣ್ಯದಿಂದಲೇ ತೆಗೀತಾರೆ, ಅದರ ಮೇಲಿದ್ದ ತಗ್ಗು, ಗೀರೂ ಎಲ್ಲ ನಕಲಿಗಳಿಗೂ ಬರುತ್ತೆ. ಹರಾಜುಗಳ ಹಳೆ ಚಿತ್ರಗಳಲ್ಲಿ ಬೇರೊಂದು ನಾಣ್ಯದ ಕೆನ್ನೆ ಮೇಲೆ ಅದೇ ಜಾಗದಲ್ಲಿ ಅದೇ ತಗ್ಗು ಕಂಡರೆ ಮುಗೀತು.

ಸ್ಲ್ಯಾಬ್‌ಪ್ರಿಯ:
ಅಷ್ಟು ತಲೆಬಿಸಿ ಯಾಕೆ ಅಂತ ನನ್ನ ಅನಿಸಿಕೆ. ಟಂಕಸಾಲೆ ಲೆಕ್ಕದಲ್ಲಿ 1799ರವು 4,23,515. ನಾಣ್ಯ ಪರೀಕ್ಷಿಸಿ ದರ್ಜೆ ಕೊಡೋ ಸಂಸ್ಥೆಗಳಾದ ಪಿಸಿಜಿಎಸ್, ಎನ್‌ಜಿಸಿ ಸ್ಲ್ಯಾಬಿನಲ್ಲಿರೋವು ಹರಾಜಿಗೆ ಬರ್ತಾನೇ ಇರುತ್ತವೆ. ಸ್ಲ್ಯಾಬೂ ನಕಲಿ ಆಗುತ್ತೆ. ಸಂಖ್ಯೆ ಅವರ ಜಾಲತಾಣದಲ್ಲಿ ಸಿಕ್ಕರೆ ಸಾಲದು, ಅಲ್ಲಿ ಚಿತ್ರ ಇದ್ದರೆ ನಾಣ್ಯದ ಕಲೆ, ಗೀರು ಹೊಂದಿಸಿ ನೋಡಿ. ಹರಾಜಲ್ಲಿ ಕೂಗಿದ ಬೆಲೆ ಮೇಲೆ ಖರೀದಿದಾರರ ಕಮಿಷನ್ ಬೇರೆ ಬೀಳುತ್ತೆ, ಲೆಕ್ಕ ಹಾಕಿಕೊಂಡೇ ಕೂಗಿ. ಚೀಟಿಯಲ್ಲಿ ‘ಡೀಟೇಲ್ಸ್’ ಅಂತಿದ್ದರೆ ಉಜ್ಜಿದ್ದೋ ರಿಪೇರಿ ಆಗಿದ್ದೋ ಅಂತ ಅರ್ಥ. ಅದಕ್ಕೆ ಮಾಮೂಲಿ ದರ್ಜೆಯ ಬೆಲೆ ಕೊಡಬೇಡಿ.

ಇದನ್ನೇ ತಗೊಳ್ಳೋದಾದರೆ, ಪಿಸಿಜಿಎಸ್ ಅಥವಾ ಎನ್‌ಜಿಸಿ ಅಸಲಿ ಅಲ್ಲ ಅಂದರೆ ಪೂರ್ತಿ ಹಣ ವಾಪಸ್ ಅಂತ ಬರಹದಲ್ಲಿ ಪಡೀರಿ. ಗಡುವು ಅವರ ಪರೀಕ್ಷೆ ಮುಗಿಯೋವರೆಗೂ ಇರಲಿ, 14 ದಿನ ಅಂದರೆ ಸಾಲಲ್ಲ.