ಪಾರ್ಕು, ತೋಟ, ತೋಪು: ಯಾವುದಕ್ಕೆ ಯಾವ ಮಾತು?

ಬಂಡೀಪುರವೂ ಉದ್ಯಾನ, ಬಡಾವಣೆಯ ಮೂಲೆಯ ಪಾರ್ಕೂ ಉದ್ಯಾನ. ಬೋರ್ಡಿನ ಮೇಲೆ ಎರಡಕ್ಕೂ ಒಂದೇ ಮಾತು. ಇದು ಹೇಗೆ ಒಪ್ಪುತ್ತದೆ?

ರಾಷ್ಟ್ರೀಯ ಉದ್ಯಾನ ಅಂದರೆ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ದನ ಕೂಡ ಮೇಯಿಸುವ ಹಾಗಿಲ್ಲದ ಕಾಡು. ಆದರೆ ಉದ್ಯಾನ ಅಂದ ಕೂಡಲೇ ಹೂವಿನ ಪಾತಿ ನೆನಪಾಗುತ್ತದೆ, ಹುಲಿ ನೆನಪಾಗುವುದಿಲ್ಲ. ಇಂಗ್ಲಿಷಿನ ಪಾರ್ಕ್‌ಗೆ ಈ ತೊಡಕಿಲ್ಲ. ಅಲ್ಲಿ ಮೊದಮೊದಲು ರಾಜರು, ಸಿರಿವಂತರು ಬೇಟೆಗೆಂದು ಬೇಲಿ ಹಾಕಿಟ್ಟ ಜಾಗಕ್ಕೇ ಪಾರ್ಕ್ ಅನ್ನುತ್ತಿದ್ದರು. ನಾವು ಸುಮ್ನೆ ಪದಕ್ಕೆ ಪದ ಇಟ್ಟುಬಿಟ್ಟೆವು ಅನ್ನಿಸುತ್ತದೆ.

ಜನರ ಬಾಯಲ್ಲಿ ಇಷ್ಟು ಗೊಂದಲವಿಲ್ಲ. ಬೆಂಚು, ಜಾರುಬಂಡೆ, 'ಹೂ ಕೀಳಬೇಡಿ' ಫಲಕ ಇದ್ದರೆ ಪಾರ್ಕು. ವಿಕೆಟ್ ನೆಟ್ಟು ಆಡುವಂತಿದ್ದರೆ ಗ್ರೌಂಡು ಅಥವಾ ಮೈದಾನ. ಕಬ್ಬನ್ ಪಾರ್ಕಿಗೆ 1927ರಲ್ಲಿ ಚಾಮರಾಜೇಂದ್ರರ ಹೆಸರಿಟ್ಟರೂ ಆಟೋದವರಿಗೆ ಹಾಗೆ ಹೇಳಿ ನೋಡಿ! ಇನ್ನು ತೋಟ ಅಂದರೆ ಮಲೆನಾಡು, ಕರಾವಳಿಯವರಿಗೆ ಅಡಿಕೆಯೇ. ಅದು ದುಡಿಯುವ ಜಾಗ, ಅಡ್ಡಾಡುವ ಜಾಗವಲ್ಲ. ಆದರೂ ಲಾಲ್‌ಬಾಗ್ ನೋಡಿಕೊಳ್ಳುವುದು ತೋಟಗಾರಿಕೆ ಇಲಾಖೆ.

ನನಗೆ ಹೆಚ್ಚು ಕುತೂಹಲ ಇರುವುದು ಗುಂಡುತೋಪಿನ ಬಗ್ಗೆ. ಹಳೇ ಮೈಸೂರಿನ ಕಡೆ ಊರಿಗೆಲ್ಲ ಸೇರಿದ ಮರಗಳ ಜಾಗ ಅದು. ಮಾವು, ನೇರಳೆ, ಹುಣಸೆ, ಹಿಪ್ಪೆ ಬೆಳೆದು ನಿಂತಿರುತ್ತವೆ. ದಾರಿಹೋಕರು ಬುತ್ತಿ ಬಿಚ್ಚುತ್ತಾರೆ, ಮಧ್ಯಾಹ್ನ ದನ ಮಲಗುತ್ತವೆ, ಜಾತ್ರೆಗೆ ಬಂದವರು ಗಾಡಿ ಬಿಡುತ್ತಾರೆ. ಕಂದಾಯ ದಾಖಲೆಯಲ್ಲೂ ಗುಂಡುತೋಪು ಅಂತಲೇ ಇರುತ್ತದೆ. ಗೋಮಾಳ ಬೇರೆ, ಅದು ಮೇವಿಗೆ. ಪಾರ್ಕು ಅನ್ನುವ ಮಾತು ಬರುವ ಮೊದಲೇ ನಮ್ಮಲ್ಲಿದ್ದ ಸಾರ್ವಜನಿಕ ಜಾಗ ಇದು, ಅಲ್ವಾ? ಗೇಟಿಲ್ಲ, ವೇಳಾಪಟ್ಟಿಯೂ ಇಲ್ಲ.

ಈಗ ಅರಣ್ಯ ಇಲಾಖೆಯವರು ಮರಗಳ ಪಾರ್ಕಿಗೆ 'ವೃಕ್ಷೋದ್ಯಾನ' ಅನ್ನುತ್ತಾರೆ. ನನ್ನ ಕಿವಿಗೆ 'ಮರದೋಪು' ಹಿತ. ಬರೀ 'ತೋಪು' ಅಂದರೂ ಸಾಕು, ಮರ ಅದರಲ್ಲೇ ಇದೆ. ಬನ ಅನ್ನೋಣವೆಂದರೆ ತುಳುನಾಡಿನಲ್ಲಿ ಅದು ನಾಗಬನ, ಅಲ್ಲಿ ವಾಕಿಂಗ್ ಮಾಡಲಾಗದು.

ಕೇಳಬೇಕಾದ್ದು ಎರಡು. ಧಾರವಾಡ, ಬೆಳಗಾವಿ, ಕಲಬುರಗಿ ಕಡೆ ಊರೊಟ್ಟಿನ ಇಂಥ ಮರದ ಜಾಗಕ್ಕೆ ಏನನ್ನುತ್ತೀರಿ? ಮತ್ತೆ, ಗುಂಡುತೋಪಿನ 'ಗುಂಡು' ಎಲ್ಲಿಂದ ಬಂತು? ದುಂಡಗೆ ನೆಟ್ಟದ್ದಕ್ಕೋ, ಗುಂಪಾಗಿ ಇರುವುದಕ್ಕೋ? ಹಳೆಯ ಶಾಸನದಲ್ಲೋ ಕಡತದಲ್ಲೋ ಈ ಮಾತು ಕಂಡಿದ್ದರೆ ಆ ಸಾಲನ್ನೇ ಬರೆದು ಕಳಿಸಿ.